ಎತ್ತಿಗೆ ಹೋದ ದಾರಿಹೊಲ

ನಾನು ಚಿಕ್ಕವನಿದ್ದಾಗ ಕಟ್ಟೆಮಳಲವಾಡಿಯಲ್ಲಿ ನೆಲವನ್ನು ಬೀಜದಿಂದ ಅಳೆಯುತ್ತಿದ್ದರು. ಒಂದು ಕೊಳಗ ರಾಗಿ ಬಿತ್ತುವಷ್ಟು ಜಾಗ ಒಂದು ಕೊಳಗದ ಹೊಲ. ಎಕರೆ, ಗುಂಟೆ ಎಲ್ಲ ಶಾನುಭೋಗರ ಬಾಯಲ್ಲಿ ಮಾತ್ರ. ನಮಗೆ ಎರಡು ಹೊಲಗಳಿದ್ದವು. ಕೆರೆಯ ಹಿಂದಿನದು ಬಂಗಾರದಂಥ ಹೊಲ. ಹುಣಸೂರಿನ ಗಾಡಿದಾರಿಗೆ ಅಂಟಿಕೊಂಡಿದ್ದ ಇನ್ನೊಂದು ಬರೀ ತಲೆನೋವು. ಅಲ್ಲಿ ಬೆಳೆದದ್ದರಲ್ಲಿ ಅರ್ಧ ದಾರಿಯಲ್ಲಿ ಹೋಗುವ ದನಗಳ ಬಾಯಿಗೇ ಹೋಗುತ್ತಿತ್ತು. ಅದರ ಬದುವಿನ ಮೇಲೆ ಅಕ್ಕ ತಲೆಗೆಣ್ಣೆಗೆಂದು ನಾಲ್ಕು ಹರಳುಗಿಡ ಬೆಳೆಸಿದ್ದಳು.

ಒಂದು ವರ್ಷ ಮಳೆ ಬಿದ್ದು ನೆಲ ಬಿತ್ತನೆಗೆ ಹದವಾಗಿತ್ತು. ಆ ಬೆಳಿಗ್ಗೆಯೇ ನಮ್ಮ ಜೋಡಿಯಲ್ಲಿ ಒಂದು ಎತ್ತು ಹೊಟ್ಟೆ ಉಬ್ಬರಿಸಿಕೊಂಡು ಸತ್ತಿತು. ಕೊಟ್ಟಿಗೆಯ ತುಂಬ ಗಂಜಲದ ವಾಸನೆ, ಹೊರಗೆ ಹಸಿಮಣ್ಣಿನ ಘಮ. ಅಪ್ಪ ಅಳಲಿಲ್ಲ. ಜಗಲಿಯ ಮೇಲೆ ಕೂತ. ನನಗೂ ಏನೂ ಅನ್ನಿಸಲಿಲ್ಲ, ಮನಸ್ಸು ಜೋಮು ಹಿಡಿದ ಕಾಲಿನಂತಾಗಿತ್ತು. ಹದ ಬಂದಾಗ ಯಾರೂ ಎತ್ತು ಎರವಲು ಕೊಡುವುದಿಲ್ಲ. ಎರಡು ದಿನದಲ್ಲಿ ಬಿತ್ತದಿದ್ದರೆ ವರ್ಷವಿಡೀ ಮನೆಯಲ್ಲಿ ಮುದ್ದೆಯಿಲ್ಲ.

ಪಕ್ಕದ ಮನೆಯವರಲ್ಲಿ ಮೂರು ಎತ್ತುಗಳಿದ್ದವು. ಆ ಮನೆಯ ಯಜಮಾನರನ್ನು ಅಪ್ಪ ಭಾವ ಎನ್ನುತ್ತಿದ್ದ, ನಾವೂ ಹಾಗೇ ಕರೆಯುತ್ತಿದ್ದೆವು. ಅಪ್ಪ ಎದ್ದು ಅವರ ಬಾಗಿಲಿಗೆ ಹೋದ, ನಾವೂ ಹಿಂದೆ ಹೋದೆವು.

"ಭಾವ, ಒಂದೆತ್ತು ಕೊಡಿ. ದಾರಿಹೊಲ ನೀವೇ ಮಡಿಕಳಿ."

ಭಾವ ತಲೆ ಕೆರೆದುಕೊಂಡರು. "ಆ ದನ ಮೇಯೋ ಹೊಲ್ವಾ? ಎತ್ತು ಕೊಟ್ಟು ಮಣ್ಣು ತಂದ ಅಂತ ನಮ್ಮನೇಲಿ ಉಗೀತಾರೆ ಕಣ್ಲಾ!"

ಕೊನೆಗೆ ಅಪ್ಪನ ಮುಖ ನೋಡಿ ಒಪ್ಪಿದರು. ಹೊಲಕ್ಕೆ ಹೋಗಿ ಅಪ್ಪ, ನೆಲ ಕೊಟ್ಟ ಗುರುತಿಗೆ, ಒಂದು ಹೆಂಟೆ ಮಣ್ಣೆತ್ತಿ ಅವರ ಟವಲಿಗೆ ಹಾಕಿದ. ಕಾಗದಪತ್ರವೆಲ್ಲ ಆಮೇಲಿನ ಮಾತು. ಅಕ್ಕನಿಗೆ ಒಂದೇ ಚಿಂತೆ. "ನನ್ನ ಹರಳುಗಿಡ?" ಎಂದಳು.

"ಗಿಡ ನಿಂದೇ ಕಣವ್ವ, ನೆಲ ಮಾತ್ರ ನಂದು" ಎಂದರು ಭಾವ.

ಅಂದೇ ಸಂಜೆಯೊಳಗೆ ಕೆರೆಹಿಂದಿನ ಹೊಲಕ್ಕೆ ರಾಗಿ ಬಿತ್ತಿದೆವು. ಭಾವನ ಮನೆಯಲ್ಲಿ ಮೂರು ದಿನ ಬೈಗುಳ ನಿಲ್ಲಲಿಲ್ಲ. ಮೋಸ ಹೋದವರು ಅವರೇ ಎಂದು ಊರೆಲ್ಲ ನಕ್ಕಿತು.

ಮೊನ್ನೆ ಮೊಮ್ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಈ ಕತೆ ಹೇಳಿದೆ. ಡಾಂಬರು ರಸ್ತೆಯ ಪಕ್ಕ ಬಿಳಿಕಲ್ಲು ನೆಟ್ಟ ಸೈಟುಗಳು, ಅದೇ ಆ ದಾರಿಹೊಲ. ಈಗ ಅದನ್ನು ಅಡಿ ಲೆಕ್ಕದಲ್ಲಿ ಮಾರುತ್ತಾರೆ, ರಸ್ತೆ ಪಕ್ಕದ್ದು ಅಂತಲೇ ದುಪ್ಪಟ್ಟು ಬೆಲೆ. "ಮುತ್ತಾತ ಮೋಸ ಹೋದ್ರು" ಎಂದು ದೊಡ್ಡವನು ಸಿಟ್ಟಾದ. ಅಲ್ಲಿ ನಿಂತು ಹರಳುಗಿಡ ಎಲ್ಲಿತ್ತೆಂದು ಹುಡುಕಿದೆ, ಗೊತ್ತಾಗಲಿಲ್ಲ. ಬೇಜಾರೂ ಆಗಲಿಲ್ಲ.

ಚಿಕ್ಕವಳು ನನ್ನ ಕೈ ಜಗ್ಗಿದಳು. "ತಾತ, ನಾವು ಒಂದು ಎತ್ತು ಕೊಟ್ರೆ ಅವ್ರು ವಾಪಸ್ ಕೊಡ್ತಾರಾ?"

"ನಮ್ಮನೇಲಿ ಎತ್ತು ಎಲ್ಲದೆ ಮಗ?" ಎಂದೆ.