ಗಡ್ಡೆಯೊಳಗಿನ ಕೊಬ್ಬು

ನೆಲಮಂಗಲದ ಹತ್ತಿರದ ಅರಿಶಿನಕುಂಟೆಯ ಹೆದ್ದಾರಿ ಬದಿಯಲ್ಲಿ ಸಪ್ಪಲಮ್ಮನ ಇಡ್ಲಿ ಅಂಗಡಿ. ಲಾರಿಯವರನ್ನು ದಬಾಯಿಸಿ, ನಗಿಸಿ ತಿನ್ನಿಸುವ ಬಾಯಿ ಆಕೆಯದು. ತೊಂಬತ್ತೆಂಟರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬಲಗೈ ಜುಮುಗುಟ್ಟಿ, ತಾನಾಗಿಯೇ ಅದುರತೊಡಗಿತು. ನಾಲಿಗೆ ತೊದಲಿತು. ಒಲೆಯ ಪಕ್ಕದಲ್ಲೇ ಕುಸಿದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರೆ, ಮಿದುಳಿನ ಎಡಗಡೆ, ಬುರುಡೆಗೆ ಅಂಟಿಕೊಂಡಂತೆ ಒಂದು ಗಡ್ಡೆ. ಕ್ಯಾನ್ಸರೋ ಕ್ಷಯದ ಗಂಟೋ ಚಿತ್ರ ನೋಡಿ ಹೇಳುವಂತಿರಲಿಲ್ಲ. ಸೋಮವಾರ ಆಪರೇಷನ್ ಎಂದರು ಸರ್ಜನ್. ಗಡ್ಡೆ ಮಾತಿನ ಜಾಗಕ್ಕೆ ಹತ್ತಿರ, ಮಾತು ಹೋದರೂ ಹೋಗಬಹುದು.

"ಜೀವ ಉಳಿದ್ರೆ ಸಾಕು ಕಣೇ," ಅಂದ ಗಂಡ ಬೈಲಪ್ಪ.

"ಮೂಗಿಯಾಗಿ ಉಳಿದು ಏನ್ ಮಾಡ್ಲಿ?" ಎಂದು ಆಕೆ ಗೋಡೆಯ ಕಡೆ ತಿರುಗಿದಳು.

ಸ್ಕ್ಯಾನ್ ವಿಭಾಗದ ಡಾಕ್ಟರ್ ವಾಣಿ ಮಾತ್ರ ಇನ್ನೊಂದು ದಾರಿ ಹೇಳಿದರು. ಕೊಯ್ಯದೆಯೇ, ಅದೇ ಯಂತ್ರದಲ್ಲಿ, ಗಡ್ಡೆಯೊಳಗೆ ಏನೇನು ರಾಸಾಯನಿಕಗಳಿವೆ ಎಂದು ನೋಡಬಹುದು. ಕ್ಷಯದ ಗಂಟಾದರೆ ಹೆಚ್ಚಾಗಿ ಬರೀ ಕೊಬ್ಬು ಕಾಣುತ್ತದೆ; ಅದನ್ನು ಕೊಯ್ಯದೆ ಮಾತ್ರೆಯಲ್ಲೇ ಕರಗಿಸಬಹುದು.

ಪರೀಕ್ಷೆ ಮಾಡಿದರು. ಕೊಬ್ಬೇ ಕಂಡಿತು. ಆದರೂ ವಾಣಿಯವರ ಮುಖ ಗೆಲುವಾಗಲಿಲ್ಲ.

"ಯಾಕ್ ಡಾಕ್ಟ್ರಮ್ಮ?"

"ನೋಡಿ ಸಪ್ಪಲಮ್ಮ, ಈಗ ಚಿತ್ರದಲ್ಲಿ ತಲೆಯ ಒಂದು ಇಡೀ ಪದರಾನೇ ತಗೊಂಡು ಚೌಕ ಚೌಕವಾಗಿ ಪಾಲು ಮಾಡಿದ್ವಿ. ಈ ಥರ ಮಾಡಿದಾಗ ನೆತ್ತಿ ಚರ್ಮದ ಕೊಬ್ಬು ಪಕ್ಕದ ಚೌಕಕ್ಕೂ ಸೋರಿ ಕಾಣುತ್ತೆ. ಇದು ಗಡ್ಡೆದೋ ಚರ್ಮದ್ದೋ ಗೊತ್ತಾಗ್ತಿಲ್ಲ. ಇನ್ನೊಂದು ವಿಧಾನ ಇದೆ. ಹೊರಗಿನ ಕೊಬ್ಬನ್ನ ಅಡಗಿಸಿ, ಗಡ್ಡೆಯೊಳಗಿನ ಒಂದೇ ಒಂದು ಚೌಕದಿಂದ ಅಳೀತೀವಿ. ಎರಡನ್ನೂ ಹೋಲಿಸಿದ್ರೆ ತಿಳಿಯುತ್ತೆ. ಒಂಚೂರು ಅಲುಗಾಡಿದ್ರೂ ಚೌಕ ಜಾರಿಬಿಡುತ್ತೆ."

ಮೊದಲ ಸಲವೇ ಯಂತ್ರದ ಆ ಇಕ್ಕಟ್ಟು ಕೊಳವೆಯಲ್ಲಿ ಆಕೆಗೆ ಉಸಿರು ಕಟ್ಟಿದಂತಾಗಿತ್ತು. "ಇನ್ನೊಂದ್ಸಲ ಆಗಲ್ಲ," ಎಂದುಬಿಟ್ಟಳು. ಸರ್ಜನ್ ಬಾಗಿಲಲ್ಲಿ ನಿಂತು, "ಸುಮ್ಮನೆ ಹೊತ್ತು ಕಳೀತಿದೀರಿ," ಎಂದರು. ಅವರ ಮುಖ ನೋಡಿದ್ದೇ ಸೋಮವಾರದ ಆಪರೇಷನ್ ನೆನಪಾಗಿ ಸಪ್ಪಲಮ್ಮ ಎದ್ದು, "ನಡೀರಿ ಡಾಕ್ಟ್ರಮ್ಮ, ಮಲಗ್ತೀನಿ," ಎಂದಳು.

ಒಳಗೆ ಯಂತ್ರ ಬಡಿಯತೊಡಗಿತು. ಸ್ವಲ್ಪ ಹೊತ್ತಿಗೆ ಬಲಗೈ ಬೆರಳುಗಳಲ್ಲಿ ಜುಮುಜುಮು. ಅಂಗಡಿಯಲ್ಲಿ ಫಿಟ್ಸ್ ಬಂದು ಕುಸಿಯುವ ಮುಂಚಿನ ಅದೇ ಜುಮುಜುಮು. ಇನ್ನೊಂದು ಕೈಯಲ್ಲಿ ಕರೆಗಂಟೆಯ ಗುಂಡಿ. ಒತ್ತಿದರೆ ಹೊರಗೆ ಎಳೆಯುತ್ತಾರೆ, ಅಳತೆ ಕೆಡುತ್ತದೆ. ಆಕೆ ಹಲ್ಲು ಕಚ್ಚಿದಳು. ಜುಮುಜುಮು ಮೊಣಕೈವರೆಗೆ ಏರಿತು. ಅಲ್ಲೇ ನಿಂತಿತು. ಬಡಿತ ಮುಗಿಯುವ ತನಕ ಆಕೆ ಕಲ್ಲಿನಂತೆ ಮಲಗಿದ್ದಳು.

ವಾಣಿ ಎರಡು ಪರೀಕ್ಷೆಗಳ ಹಾಳೆಗಳನ್ನು ಸರ್ಜನ್ ಮುಂದೆ ಹಿಡಿದರು. ಹೊರಗಿನದನ್ನು ಅಡಗಿಸಿದ ಮೇಲೂ ಕೊಬ್ಬಿನ ಗೆರೆ ಹಾಗೇ ಎತ್ತರಕ್ಕೆ ನಿಂತಿತ್ತು; ಅಂದರೆ ಅದು ಗಡ್ಡೆಯ ಕೊಬ್ಬೇ. ಕ್ಯಾನ್ಸರಿನಲ್ಲಿ ಏರಬೇಕಾದ ಗೆರೆ ಏರಿರಲಿಲ್ಲ. ಸರ್ಜನ್ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. "ಮೊದಲು ಕ್ಷಯದ ಮಾತ್ರೆ ಕೊಟ್ಟು ನೋಡೋಣ. ಗಡ್ಡೆ ಕರಗದಿದ್ರೆ ಕೊಯ್ಯಲೇಬೇಕು."

ಆ ಮಾತಿನ ಭಯದಲ್ಲೇ ಸಪ್ಪಲಮ್ಮ ಮಾತ್ರೆ ನುಂಗಿದಳು. ಮಳೆಗಾಲ ಕಳೆದು ಮತ್ತೆ ಸ್ಕ್ಯಾನ್ ಮಾಡಿದಾಗ ಗಡ್ಡೆ ಅರ್ಧಕ್ಕರ್ಧ ಕುಗ್ಗಿತ್ತು. ಬೈಲಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಆಕೆ, "ಎಲ್ಲಾರೂ ನೋಡ್ತವ್ರೆ, ಏಳಿ ಮೇಲೆ," ಎಂದು ಅವನ ರಟ್ಟೆ ಹಿಡಿದು ಎಬ್ಬಿಸಿ, ನೆಲಮಂಗಲದ ಬಸ್ಸಿನ ಕಡೆ ನಡೆಸಿಕೊಂಡು ಹೋದಳು.