ಜರಡಿಗೆ ಬಿದ್ದ ಕೆಂಪು ಮಣಿ

ನನ್ನ ಹಿರಿಯ ಓರಗಿತ್ತಿ, ನಾನು ಅಕ್ಕ ಎನ್ನುವವಳು, ಸುಮ್ಮನೆ ತಲೆ ತಗ್ಗಿಸುವ ಹೆಂಗಸಲ್ಲ. ಅವಳು ಬಾಯಿ ತೆರೆದರೆ ಇಡೀ ಬೀದಿ ಬಾಗಿಲು ಹಾಕಿಕೊಳ್ಳಬೇಕು. ಹಳೇ ಪಟ್ಟಣದ ಉತ್ಖನನದಲ್ಲಿ ನಾವಿಬ್ಬರೂ ಮಣ್ಣು ಜರಡಿ ಹಿಡಿಯುವವರು. ಅರಮನೆ ಕಡೆ ಅಗೆಯುವವರಿಗೆ ದಿನಾ ಏನಾದರೊಂದು ಸಿಗುತ್ತಿತ್ತು. ನಮ್ಮ ಪಾಲಿಗೆ ಬಂದದ್ದು ಕೂಲಿಯವರ ಕೇರಿ, ಇಷ್ಟು ವರ್ಷ ಯಾರೂ ಕಣ್ಣೆತ್ತಿ ನೋಡದ ಮೂಲೆ. ಒಡಕು ಮಡಕೆ, ಮೂಳೆ ಚೂರು, ಸುಟ್ಟ ಕಾಳು, ಮುಗಿಯಿತು. ಒಂದು ಮನೆಯಲ್ಲಿ ಮಾತ್ರ ಸವೆದು ಗುಳಿಬಿದ್ದ ಬೀಸುವ ಕಲ್ಲುಗಳು ಸಾಲಾಗಿದ್ದವು. ಕಂಡವರ ಮನೆಗೆ ಹಿಟ್ಟು ಬೀಸಿಕೊಡುತ್ತಿದ್ದ ಹೆಂಗಸರು ಇಲ್ಲಿದ್ದಿರಬೇಕು ಎಂದಿದ್ದರು ಮೇಡಂ. ಕೆಲಸಕ್ಕೆಲ್ಲ ಅವರದೇ ಉಸ್ತುವಾರಿ.

"ಏನಕ್ಕಾ, ಇವತ್ತೂ ಮಡಕೆ ಚೂರೇನಾ?" ಎಂದು ಅರಮನೆ ಕಡೆಯವರು ರೇಗಿಸಿದರೆ ಅಕ್ಕನಿಗೆ ಮೈಯೆಲ್ಲ ಉರಿ. ಅದರ ಮೇಲೆ, ಅವಳ ಮಗಳ ಶಾಲೆಯವರು ನೋಡಲು ಬರುತ್ತಾರೆಂಬ ಸುದ್ದಿ. ಮಗಳೆದುರು ಕಸ ಜಾಲಿಸುವವಳಾಗಿ ನಿಲ್ಲಲು ಅವಳಿಗೆ ಮನಸ್ಸಿರಲಿಲ್ಲ.

ಮಕ್ಕಳು ಬಂದ ದಿನವೇ ಅಕ್ಕನ ಜರಡಿಯಲ್ಲಿ ಕೆಂಪು ಮಣಿಯೊಂದು ಹೊಳೆಯಿತು. ಮೇಡಂ ಓಡಿ ಬಂದರು.

"ಅಯ್ಯೋ, ನಾವು ತಪ್ಪು ತಿಳಿದಿದ್ವಿ ಅನ್ಸುತ್ತೆ! ಇದು ಕೂಲಿಯವರ ಮನೆ ಅಲ್ಲ, ಯಾರೋ ಸಾಹುಕಾರರದ್ದು. ಇಂಥ ಮಣಿ ಕೂಲಿಯವರ ಹತ್ರ ಎಲ್ಲಿಂದ ಬರ್ಬೇಕು?"

"ನಮ್ಮಮ್ಮಂಗೆ ಸಿಕ್ಕಿದ್ದು!" ಎಂದು ಮಗಳು ಗೆಳತಿಯರೆದುರು ಕುಣಿದಳು. ಅಕ್ಕ ನಗಲಿಲ್ಲ. ಬೀಸುವ ಕಲ್ಲುಗಳನ್ನೇ ನೋಡುತ್ತಿದ್ದಳು.

"ಮೇಡಂ, ಅದು ಇಲ್ಲೀದಲ್ಲ," ಎಂದಳು. "ಅರಮನೆ ಕಡೆ ಮಣ್ಣಿನ ರಾಶೀಲಿ ಸಿಕ್ತು. ನಾನೇ ತಂದು ಹಾಕ್ದೆ."

"ಯಾಕಮ್ಮಾ?"

"ನಾಚಿಕೆ ಆಗ್ತಿತ್ತು."

ಮೇಡಂ ಬೈಯಲಿಲ್ಲ. ಬೈದಿದ್ದರೆ ಅಕ್ಕ ತಿರುಗಿಸಿ ಒಂದು ಮಾತು ಅಂದು ಹಗುರಾಗುತ್ತಿದ್ದಳು. "ಇನ್ನು ನಿಮ್ಮ ಜರಡಿಯಿಂದ ಬಂದ ಯಾವುದನ್ನೂ ನಂಬೋ ಹಾಗಿಲ್ಲಮ್ಮ," ಎಂದರಷ್ಟೆ. ಆ ಮನೆಯ ಮಣ್ಣು ಜರಡಿ ಹಿಡಿದು ನಾವು ತುಂಬಿಟ್ಟಿದ್ದ ಬುಟ್ಟಿಗಳನ್ನೆಲ್ಲ, ಸುಟ್ಟ ಕಾಳು ಸಮೇತ, ಹೊರಗಿನ ಮಣ್ಣುಗುಡ್ಡೆಗೆ ಸುರಿಯಬೇಕಾಯಿತು. ನನಗೋ ಅವಳ ಮೇಲೆ ಕೆಂಡದಂಥ ಕೋಪ, ಅಳು ಎರಡೂ. ಆದರೂ ಬುಟ್ಟಿಗೆ ಕೈಹಾಕಿದೆ.

"ಬಿಡೇ, ನಾನೇ ಹೊರ್ತೀನಿ," ಎಂದಳು.

ಮಗಳು ಗೆಳತಿಯರನ್ನು ಬಿಟ್ಟು ಹಿಂದೆಯೇ ಬಂದಳು. "ಅಮ್ಮಾ, ಹಾಗಾದ್ರೆ ಆ ಮನೇಲಿ ಯಾರಿದ್ರು?"

"ಹಿಟ್ಟು ಬೀಸೋರು ಕಣೇ. ನಮ್ಮಂಥೋರು." ಅಕ್ಕ ಬುಟ್ಟಿ ಬೋರಲು ಹಾಕಿದಳು. "ಏನು ತಿಂದ್ರು, ಹೆಂಗೆ ಬದುಕಿದ್ರು ಅಂತ ಹೇಳೋಕೆ ಉಳಿದಿದ್ದು ಇಷ್ಟೇ. ಇದನ್ನೂ ನಾನೇ ಕಸಕ್ಕೆ ಹಾಕ್ದೆ."