ಕುರ್ದಿಗೆ ಹಿಂಡದ ಲಿಂಬೆ

ಡಿಸೆಂಬರ್ ಬಂತೆಂದರೆ ಮುಂಬಯಿ ಪಕ್ಕದ ನಮ್ಮ ಡೊಂಬಿವಲಿ ಸ್ಟೇಷನ್ ಹತ್ತಿರದ ಸ್ಟೇಷನರಿ ಅಂಗಡಿಗಳಲ್ಲಿ ಜ್ವಾಲಾಮುಖಿಗಳು ಮಾರಾಟಕ್ಕೆ ಬರುತ್ತಿದ್ದವು. ಥರ್ಮೋಕೋಲಿನ ಗುಡ್ಡ, ಅದಕ್ಕೆ ಕಂದು ಬಣ್ಣ, ನೆತ್ತಿಯಲ್ಲೊಂದು ತೂತು; ಅದಕ್ಕೆ ಅಡುಗೆ ಸೋಡಾ ಹಾಕಿ ವಿನೆಗರ್ ಸುರಿದರೆ ನೊರೆ ಉಕ್ಕುತ್ತದೆ. ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆಂದು ತಾಯಂದಿರು ಅವನ್ನು ತರಕಾರಿ ಚೀಲದ ಜೊತೆಗೇ ಹಿಡಿದುಕೊಂಡು ರಿಕ್ಷಾ ಹತ್ತುತ್ತಿದ್ದರು. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆಗ ನಾನು ಮಹಾಪೆಯ ಬಣ್ಣದ ಕಂಪನಿಯೊಂದರ ಲ್ಯಾಬಿನಲ್ಲಿದ್ದೆ. ಆಮ್ಲವೋ ಕ್ಷಾರವೋ ಎಂದು ದಿನವಿಡೀ ಕಾಗದದ ಪಟ್ಟಿ ಅದ್ದಿ ನೋಡುವವಳ ಮಗಳು ಅಂಗಡಿಯ ಗುಡ್ಡ ಹೊತ್ತು ಶಾಲೆಗೆ ಹೋಗುವುದೆಂದರೇನು?

ಆ ವರ್ಷ ಮಗಳು ಆರನೇ ಕ್ಲಾಸು. ಮನೆಯ ಸಾಮಾನಿನಿಂದಲೇ ರಸಾಯನದ ಪ್ರಯೋಗ ಮಾಡಿ ತೋರಿಸಬೇಕೆಂದು ಶಾಲೆಯಲ್ಲಿ ಹೇಳಿದ್ದರು. ನಾನು ಸೂಚಿಸಿದ ಒಂದೂ ಅವಳಿಗೆ ಹಿಡಿಸಲಿಲ್ಲ. ಹಿಡಿಸಿದ್ದು ತಾನೇ ಕಂಡುಕೊಂಡದ್ದು. ಜ್ವರದಿಂದ ಎದ್ದ ಅವಳಿಗೆ ನನ್ನ ಅತ್ತೆ ದೃಷ್ಟಿ ತೆಗೆದರು. ಉಡುಪಿ ಕಡೆಯ ನಮ್ಮ ಮನೆಗಳಲ್ಲಿ ಅದಕ್ಕೆ ಕುರ್ದಿ ನೀರು ಬೇಕು. ಅರಿಶಿನ ಕದಡಿದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕಡುಗೆಂಪಾಗುತ್ತದೆ, ಅದನ್ನು ಹರಿವಾಣದಲ್ಲಿ ಹಿಡಿದು ನಿವಾಳಿಸಿ ಹೊರಗೆ ಚೆಲ್ಲುವುದು. ಮಗಳು ಮಾತ್ರ ಹಳದಿ ನೀರು ಕೆಂಪಾದದ್ದನ್ನೇ ಕಣ್ಣು ಬಿಟ್ಟು ನೋಡಿದಳು. ಮರುದಿನ ತಾನೇ ಲೋಟದಲ್ಲಿ ಅರಿಶಿನ ಕದಡಿ, ಅಡುಗೆಮನೆಯಿಂದ ಒಂದೊಂದೇ ತಂದು ಹಾಕತೊಡಗಿದಳು. ಸೋಪಿನ ನೀರಿಗೆ ಕೆಂಪಾಯಿತು. ಸಕ್ಕರೆಗೆ ಏನೂ ಆಗಲಿಲ್ಲ. ಕೊನೆಗೆ ಕೆಂಪು ನೀರಿಗೆ ಲಿಂಬೆ ಹಿಂಡಿದಳು, ಅದು ತಿರುಗಿ ಹಳದಿಯಾಯಿತು. ಅವಳು ಕೂಗಿದ ಕೂಗಿಗೆ ಪಕ್ಕದ ಫ್ಲ್ಯಾಟಿನವರು ಬಾಗಿಲು ತೆರೆದು ನೋಡಿದರು.

ಅತ್ತೆಯ ಸಿಟ್ಟು ನೆತ್ತಿಗೇರಿತು.

“ಮಗುವಿನ ಕೈಯಲ್ಲಿ ಎಂತ ಮಾಡಿಸ್ತಿದ್ದಿ ನೀನು? ಕುರ್ದಿಯನ್ನು ಪುನಃ ಹಳದಿ ಮಾಡಿದ್ರೆ, ತೆಗೆದ ದೃಷ್ಟಿ ತಿರುಗಿ ಮಗುವಿನ ಮೈಗೇ ಹತ್ತುದಿಲ್ವಾ?”

ನಾನೂ ಸುಮ್ಮನಿರಲಿಲ್ಲ. ಮಾತಿಗೆ ಮಾತು ಬೆಳೆದು, ಸುಣ್ಣದ ಡಬ್ಬಿ ಅತ್ತೆಯ ಕಪಾಟು ಸೇರಿತು. ನಾನು ಸ್ಟೇಷನ್ನಿನ ಪಾನ್ ಅಂಗಡಿಯಿಂದ ಸುಣ್ಣ ತಂದುಕೊಟ್ಟೆ. ಲೋಡ್‌ಶೆಡ್ಡಿಂಗಿನ ಸಂಜೆಗಳಲ್ಲಿ ಟಿವಿಯೂ ಇಲ್ಲದೆ ಅತ್ತೆ ಒಳಗೆ ಗೊಣಗುತ್ತ ಕೂತರೆ, ಮಗಳು ಬಾಲ್ಕನಿಯಲ್ಲಿ ಹಳದಿಯನ್ನು ಕೆಂಪು, ಕೆಂಪನ್ನು ಹಳದಿ ಮಾಡುತ್ತಿದ್ದಳು. ಬೆರಳಿನ ಅರಿಶಿನ ತೊಳೆದರೂ ಹೋಗುತ್ತಿರಲಿಲ್ಲ. ನೋಡುವವರ ಕೈಯಿಂದಲೇ ಲಿಂಬೆ ಹಿಂಡಿಸಬೇಕು, ಅವರ ಮುಖ ನೋಡಬೇಕು ಎಂಬುದು ಅವಳ ಆಸೆ. ನನ್ನ ಒತ್ತಾಯಕ್ಕೆ ಒಂದು ಚಾರ್ಟನ್ನೂ ಬರೆದಿಟ್ಟಳು.

ಪ್ರದರ್ಶನದ ದಿನ ಕಾಡಿಬೇಡಿ ರಜೆ ಹಾಕಿ ಜೊತೆಗೆ ಹೋದೆ. ಹಾಲ್‌ನ ಬಾಗಿಲಲ್ಲೇ ಟೀಚರ್ ನಮ್ಮ ಬಾಟಲಿಗಳನ್ನು ತಡೆದರು. ಹಿಂದಿನ ವರ್ಷ ಯಾರದೋ ಜ್ವಾಲಾಮುಖಿ ಮುಖ್ಯ ಅತಿಥಿಗಳ ಬಟ್ಟೆಯ ಮೇಲೆ ಉಕ್ಕಿತ್ತಂತೆ. ಹಾಗಾಗಿ ಈ ಸಲ ನೀರು, ದ್ರವ ಯಾವುದೂ ಒಳಗೆ ಬರಕೂಡದಂತೆ. ಇದು ಉಕ್ಕುವುದಿಲ್ಲ, ಲೋಟದಷ್ಟು ಅರಿಶಿನದ ನೀರು ಎಂದೆ. ನೀರಿಲ್ಲದೆ ರಸಾಯನ ಹೇಗೆ ತೋರಿಸುವುದು ಎಂದೂ ಕೇಳಿದೆ. ಆಕೆ ನಗುತ್ತಲೇ ಮಗಳ ಕೈಯಿಂದ ಲಿಂಬೆ ತೆಗೆದು ನನಗೆ ಕೊಟ್ಟರು.

“ಚಾರ್ಟ್ ಪೆ ಲಿಖಾ ಹೈ ನಾ, ಮ್ಯಾಡಮ್. ಬಸ್.” ಚಾರ್ಟಿನಲ್ಲಿ ಬರೆದಿದೆಯಲ್ಲ, ಅಷ್ಟು ಸಾಕಂತೆ.

ಮಗಳು ಖಾಲಿ ಮೇಜಿನ ಹಿಂದೆ ನಿಂತು, ಬಂದವರಿಗೆಲ್ಲ ಚಾರ್ಟು ಓದಿ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ದನಿ ಪಾಠ ಒಪ್ಪಿಸುವವರ ದನಿಯಾಗಿತ್ತು. ಪಕ್ಕದ ಮೇಜಿನ ಜ್ವಾಲಾಮುಖಿ ಒಂದು ಹನಿಯೂ ಉಕ್ಕದೆ ಮೊದಲ ಬಹುಮಾನ ಹೊಡೆಯಿತು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಮನೆಗೆ ಬಂದವಳು ಚೀಲ ಎಸೆದು ಟಿವಿ ಹಾಕಿಕೊಂಡು ಕೂತಳು. ಏನಾಯಿತೆಂದು ಅತ್ತೆ ನನ್ನನ್ನು ಕೇಳಿದರು, ಹೇಳಿದೆ. ಕೇಳಿದವರೇ ಎದ್ದು ಕಪಾಟು ತೆರೆದು ಸುಣ್ಣದ ಡಬ್ಬಿ ತೆಗೆದರು. ಹರಿವಾಣದಲ್ಲಿ ಕುರ್ದಿ ಕದಡಿ, ಅರ್ಧ ಹೋಳು ಲಿಂಬೆ ಹಿಡಿದು ಮೊಮ್ಮಗಳ ಮುಂದೆ ಬಂದು ನಿಂತರು.

“ಬಾ ಮಗಾ, ಹಿಂಡು. ಅದು ಹೇಗೆ ಹಳದಿ ಆಗ್ತದೆ ಅಂತ ನಂಗೂ ಒಮ್ಮೆ ನೋಡ್ಬೇಕು.”

ಮಗಳು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

“ಚಾರ್ಟ್ ಪೆ ಲಿಖಾ ಹೈ ನಾ, ಅಜ್ಜಿ. ಬಸ್.”

ಅತ್ತೆ ಲಿಂಬೆಯ ಹೋಳನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೆಟ್ಟಿಲಿಳಿದು ಹೋಗಿ, ಕೆಂಪು ನೀರನ್ನು ಹಾಗೇ ಚೆಲ್ಲಿ ಬಂದರು.